ನಾನಿಯ ಒದ್ದೆ ಕೈ

ಹಸಿರು ಗೆರೆ ಏರುತ್ತಿದೆ, ಇಳಿಯುತ್ತಿದೆ, ನಾನಿಯ ದನಿಗೆ, ಅಮ್ಮನ ಅಮ್ಮನ ದನಿಗೆ, ಹೀಗೂ ಒಂದು ಆಕಾರ ಇದೆಯೆಂದು ಯಾರಿಗೆ ಗೊತ್ತಿತ್ತು, ಕಂಪ್ಯೂಟರಿನ ಗಾಜಿನ ಮೇಲೆ ಗುಡ್ಡದ ಸಾಲು, ಎತ್ತರದ್ದು ಸ್ಕಂದಗಿರಿ, ಪಕ್ಕದ ಗಿಡ್ಡದ್ದು ಕೆಮ್ಮು — ನಾನಿಯದೇ ಕೆಮ್ಮು, ನಲವತ್ತು ವರ್ಷ ರೇಷ್ಮೆಗೂಡು ಬೇಯಿಸಿದ ಹಬೆ ಕುಡಿದ ಕೆಮ್ಮು — ಗೌಹರ್ ಹೆಡ್‌ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು, ಗಡಿಯಾರದಲ್ಲಿ ಮೂರೂ ಇಪ್ಪತ್ತು, ಗೌಹರಮ್ಮಾ, ನಾಲ್ಕಕ್ಕೆ ಕರೆಂಟು ಹೋಗುತ್ತೆ ಕಣಮ್ಮ, ಮೊದ್ಲು ಸೇವ್ ಮಾಡ್ಕೊ, ಎಂದು ಬೆನ್ನ ಹಿಂದೆ ರಾಮಾಂಜಿನಪ್ಪ ಮೇಷ್ಟ್ರು, ಇದೇ ಶಿಡ್ಲಘಟ್ಟದ ಬಸ್‌ಸ್ಟ್ಯಾಂಡ್ ಮಹಡಿಯಲ್ಲಿ ಅವಳಿಗೆ ಟೈಪಿಂಗ್ ಕಲಿಸಿದವರು, ಈಗ ಟೈಪ್‌ರೈಟರುಗಳನ್ನು ಮೂಲೆಗೆ ತಳ್ಳಿ ಎರಡು ಕಂಪ್ಯೂಟರ್ ಇಟ್ಟು, ತೊಂಬತ್ತೊಂಬತ್ತರಲ್ಲೇ ಎರಡು ಸಾವಿರದ ಇಸವಿ ತಂದಿದ್ದೀನಿ ಅಂತ ಬೀಗುವವರು. ಮಾಡ್ತೀನಿ ಸಾರ್, ಒಂದ್ನಿಮಿಷ, ಎಂದಳು, ಆದರೆ ಕೈ ಕದಲಲಿಲ್ಲ. ಕ್ಯಾಸೆಟ್ಟು ಆಗಲೇ ಹೋಯಿತು, ಬೂಷ್ಟು ಹಿಡಿದಿದ್ದ ಟೇಪು ಕೊನೆಯವರೆಗೆ ಓಡಿ, ದನಿಯನ್ನು ಕಂಪ್ಯೂಟರಿಗೆ ಇಳಿಸಿ, ಟಪ್ಪೆಂದು ತುಂಡಾಯಿತು, ಒಂದೇ ಸಲ ಓಡೋದು ಇದು ಅಂತ ಮೇಷ್ಟ್ರು ಹೇಳಿಯೇ ಇದ್ದರು, ಇನ್ನು ನಾನಿಯ ದನಿ ಇರುವುದು ಈ ಪೆಟ್ಟಿಗೆಯೊಳಗೆ ಮಾತ್ರ, ನಾನಿ ಹೋಗಿ ರಂಜಾನಿಗೆ ವರ್ಷವಾಯಿತು, ಇದೂ ಹೋದರೆ ಜಾನ್ ಬೀ ಎಂಬ ಹೆಂಗಸು ಮಾತಾಡಿದ್ದಳು ಅನ್ನುವುದಕ್ಕೆ ಗುರುತೇ ಇಲ್ಲ, ಗೊತ್ತು, ಎಲ್ಲಾ ಗೊತ್ತು, ಆದರೆ ಈ ಗೆರೆ, ಈ ಚಪ್ಪಟೆ ಗೆರೆ —

ಇಲ್ಲೇ ನಾನಿ ಮಾತು ನಿಲ್ಲಿಸುವುದು, ಕೆರೆ ಒಡೆದ ವರ್ಷದ ಕಥೆ, ಸಾದಲಿ ಕಡೆಯ ಕೆರೆ, ನೀರು ಏರ್‍ತಾ ಬಂತು, ನಮ್ಮಮ್ಮ ನನ್ನ ಸೊಂಟಕ್ಕೆ ಕಟ್ಕೊಂಡು ಓಡಿದ್ಲು, ಆಗ ನೋಡ್ತಾಳೆ — ಅಷ್ಟೇ, ಟಕ್ಕೆಂದು ಮೌನ, ಹೀಗೆ ಏಳು ಕಡೆ, ಏಳು ಮೌನವನ್ನೂ ಎಣಿಸಿ ಗೌಹರ್ ತನ್ನ ಪ್ರಬಂಧದಲ್ಲಿ ಒಂದು ಅಧ್ಯಾಯವನ್ನೇ ಬರೆದಿದ್ದಾಳೆ, 'ಮರೆವು' ಅಂತ ಹೆಸರು, ವಯಸ್ಸಾದವರಲ್ಲಿ ಸಾಮೂಹಿಕ ನೆನಪು ಹೇಗೆ ಹರಿದುಹೋಗುತ್ತದೆ ಅಂತ ಮೂವತ್ತೆರಡು ಪುಟ, ಬೆಂಗಳೂರಿನ ಗೈಡು ಭೇಷ್ ಅಂದಿದ್ದಾರೆ, ಸೋಮವಾರ ಒಪ್ಪಿಸಬೇಕು. ಟೇಪು ಮಾಡಿದ ದಿನ ಮೊದಲು ಅವಳು, ನಾನಿ ರೇಷ್ಮೆ ನೂಲು ತೆಗೆಯುತ್ತಿದ್ದ ಫಿಲೇಚರಿನ ರಾಟೆಗಳನ್ನೆಲ್ಲ ನಿಲ್ಲಿಸಿ, ಸದ್ದಿಲ್ಲದೆ ಒಬ್ಬೊಬ್ಬರೇ ಪೂರ್ತಿ ಕಥೆ ಹೇಳಿ ಅಂದಿದ್ದಳು, ಯಾರೂ ಬಾಯಿ ಬಿಡಲಿಲ್ಲ, ನೂಲು ಓಡ್ದಿದ್ರೆ ಕಥೆ ಎಲ್ಲಿಂದ ಬರ್ಬೇಕೇ ಹುಚ್ಚಿ, ಎಂದಿದ್ದಳು ನಾನಿ, ಆಮೇಲೆ ರಾಟೆ ತಿರುಗಿತು, ಬಿಸಿನೀರಿನಲ್ಲಿ ಗೂಡು ಕುಣಿಯತೊಡಗಿತು, ಟೇಪ್‌ರೆಕಾರ್ಡರನ್ನು ಅವಳು ನಾನಿಯ ಮುಂದೆಯೇ ಇಟ್ಟಳು, ನಾನಿಯೊಬ್ಬಳ ಮುಂದೆ, ರಾಟೆಯ ಗದ್ದಲದಲ್ಲಿ ಅವಳಿಗೆ ಬೇರೇನೂ ಕೇಳಿಸುತ್ತಿರಲಿಲ್ಲ, ನೂಲು ಕಡಿದಾಗಲೆಲ್ಲ ನಾನಿ ಮಾತು ಬಿಟ್ಟು ಒದ್ದೆ ಕೈ ಮೇಲೆತ್ತುತ್ತಿದ್ದಳು, ಬಿಸಿನೀರಿಗೆ ಬೆಳ್ಳಗೆ ಸುಕ್ಕಿದ ಬೆರಳು, ತುದಿಯಲ್ಲಿ ತೊಟ್ಟಿಕ್ಕುವ ನೀರು, ಕೈ ಸುಟ್ಟಿರಬೇಕು ಪಾಪ ಅಂದುಕೊಂಡು ಕೊನೆಗೊಂದು ಸಲ ಗೌಹರೇ ಟವಲ್ಲು ಕೊಟ್ಟಿದ್ದಳು, ಹೆಂಗಸರೆಲ್ಲ ಗೊಳ್ಳೆಂದು ನಕ್ಕಿದ್ದರು, ಯಾಕೆ ನಕ್ಕರೋ.

ಮೇಷ್ಟ್ರು ಬಗ್ಗಿದರು, ಏನಮ್ಮ ಖಾಲಿ ಗೆರೆ ಅಂತ ನೋಡ್ತಾ ಕೂತಿದೀಯ, ಅದು ಖಾಲಿ ಅಲ್ಲ ಕಣಮ್ಮ, ದೊಡ್ಡದು ಮಾಡಿ ನೋಡು, ಹಿಂಗೆ, ಎಂದು ಮೌಸು ಒತ್ತಿದರು — ಅರೆ, ಚಪ್ಪಟೆ ಗೆರೆಯ ಮೇಲೆ ಇರುವೆ ಸಾಲು! ಸದ್ದು ಏರಿಸಿದಳು, ಇನ್ನೂ ಏರಿಸಿದಳು, ರಾಟೆಯ ಗರಗರ ಕಿವಿಗೆ ಅಪ್ಪಳಿಸಿತು, ಅದರ ಹಿಂದೆ, ಫಿಲೇಚರಿನ ಆ ತುದಿಯಿಂದ, ಒಂದು ಹೆಣ್ಣುದನಿ — ಅಪ್ಪುಡು ಕಟ್ಟ ತೆಗಿಂದಿ — ಕದಿರಮ್ಮ! ನಾನಿಯ ಜೊತೆ ನೂಲು ತೆಗೆಯುತ್ತಿದ್ದ ತೆಲುಗಿನ ಕದಿರಮ್ಮ, ಆಗ ಕಟ್ಟೆ ಒಡೀತು ಅನ್ನುತ್ತಿದ್ದಾಳೆ, ನಾನಿ ಬಿಟ್ಟ ಜಾಗದಿಂದಲೇ ಹಿಡಿದು ಹೇಳುತ್ತಿದ್ದಾಳೆ, ಅಮ್ಮಾ, ಗೌಹರಿಗೆ ಕೂತಲ್ಲೇ ಕುಣಿಯುವಂತಾಯಿತು, ಮುಂದಿನ ಮೌನಕ್ಕೆ ಓಡಿದಳು, ಅಲ್ಲಿ ಇನ್ನೊಂದು ರಾಟೆಯ ಶ್ಯಾಮಲಮ್ಮ, ಹುಣಸೇಮರ ಒಂದೇ ಉಳ್ದಿತ್ತಂತೆ ಕಣ್ರೇ, ಯಾರ ಕೂಸು ಯಾರ ಕೈಲಿತ್ತೋ, ಅದರ ಮುಂದಿನದರಲ್ಲಿ ಮತ್ತೆ ಕದಿರಮ್ಮ, ನಡುನಡುವೆ ನಾನಿ, ಒಬ್ಬಳ ನೂಲು ಕಡಿದರೆ ಅವಳು ಗಂಟು ಹಾಕುವಷ್ಟರಲ್ಲಿ ಇನ್ನೊಬ್ಬಳು ಕಥೆ ಎತ್ತಿಕೊಳ್ಳುತ್ತಾಳೆ, ಯಾರೂ ಏನೂ ಮರೆತಿಲ್ಲ, ಮರೆವು ಅಂತೆ ಮರೆವು, ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು ನಿನ್ನ ಎಂ.ಫಿಲ್ಲು, ಹರಿದು ಹಾಕು ಮೂವತ್ತೆರಡು ಪುಟ, ಸೋಮವಾರ ಹಾಳಾಗಿ ಹೋಗಲಿ, ಗೈಡು ಬೈದರೆ ಬೈಯಲಿ, ಅವಳಿಗೆ ನಗು ಬರುತ್ತಿದೆ, ಕಣ್ಣಲ್ಲಿ ನೀರೂ ಬರುತ್ತಿದೆ, ಸಾರ್ ಕೇಳಿ ಸಾರ್, ಎಲ್ಲಾ ಇದೆ ಸಾರ್, ಏನಿದ್ಯೋ ಏನೋ ನಂಗೊತ್ತಿಲ್ಲ ತಾಯಿ, ಎಂದರು ಮೇಷ್ಟ್ರು, ಮೂರೂ ಐವತ್ತೈದು, ಮೊದ್ಲು ಸೇವ್ ಒತ್ತು! ಒತ್ತಿದಳು, ನೀಲಿ ಪಟ್ಟಿ ಇಂಚಿಂಚೇ ತುಂಬಿತು, ತುಂಬಿತಪ್ಪಾ, ಉಳಿದಳು ನಾನಿ, ಎಲ್ಲರೂ ಉಳಿದರು, ಇನ್ನು ಕರೆಂಟು ಹೋದರೆ ಹೋಗಲಿ.

ಐದು ನಿಮಿಷ ಇದೆ, ಕೊನೆಯದೊಂದು ಮೌನ, ಏಳನೆಯದು, ನಾನಿ ಹೇಳುತ್ತಿದ್ದಾಳೆ, ನಮ್ಮಮ್ಮ ಮರದ್ ಮೇಲಿಂದ ನನ್ನ ಕೆಳಕ್ಕೆ ಇಳಿಬಿಟ್ಲು, ಕೆಳಗೆ ಯಾವಳೋ ಒಬ್ಬಳು ಕೈ ಚಾಚಿದ್ಲು, ಗುರ್ತಿಲ್ಲ ಪರಿಚಯ ಇಲ್ಲ, ಆಗ — ನೂಲು ಕಡಿಯಿತು, ಗೌಹರ್ ಸದ್ದು ಏರಿಸಿದಳು, ಈಗ ಯಾರು, ಕದಿರಮ್ಮನೋ ಶ್ಯಾಮಲಮ್ಮನೋ, ಏರಿಸಿದಳು, ಪೂರ್ತಿ ಏರಿಸಿದಳು, ರಾಟೆ ಗರಗರ, ನೀರು ಕುದಿಯುವ ಸದ್ದು, ಯಾರೂ ಇಲ್ಲ, ಯಾರೂ ಎತ್ತಿಕೊಳ್ಳುತ್ತಿಲ್ಲ, ಯಾಕೆ, ಎಲ್ಲರೂ ಕಾಯುತ್ತಿರುವ ಹಾಗೆ, ಆಮೇಲೆ ನಗು, ಅಯ್ಯೋ ಟವಲ್ ಕೊಡ್ತಾಳೆ ನೋಡ್ರೇ, ಶ್ಯಾಮಲಮ್ಮನ ದನಿ, ಆಮೇಲೆ ಗೌಹರ್ ತಾನೇ ಗುಂಡಿ ಒತ್ತಿ ಟೇಪು ನಿಲ್ಲಿಸಿದ ಟಕ್. ಆ ಕೈ. ನಾನಿ ಕದಿರಮ್ಮನ ಕಡೆ ಕೈ ಎತ್ತಿದಾಗ ಕದಿರಮ್ಮ ಹೇಳಿದಳು, ಶ್ಯಾಮಲಮ್ಮನ ಕಡೆ ಎತ್ತಿದಾಗ ಶ್ಯಾಮಲಮ್ಮ ಹೇಳಿದಳು, ಏಳನೆಯ ಸಲ ಕೈ ತಿರುಗಿದ್ದು ತನ್ನ ಕಡೆಗೆ, ಮುಂದೇನಾಯಿತು ಅಂತ ಗೌಹರಿಗೆ ಗೊತ್ತು, ಐದು ವರ್ಷದವಳಿದ್ದಾಗಿನಿಂದ ಗೊತ್ತು, ನಾನಿಯ ತೊಡೆಯ ಮೇಲೆ ಮಲಗಿ ನೂರು ಸಲ ಕೇಳಿದ್ದಾಳೆ, ಅವತ್ತು ಹೇಳಬೇಕಿತ್ತು, ಹೇಳಲಿಲ್ಲ, ಟವಲ್ಲು ಕೊಟ್ಟಳು, ಸಾರ್, ಮೈಕ್ ಇದೆಯಾ, ಇದೆ ಕಣಮ್ಮ, ಇನ್ನೆರಡು ನಿಮಿಷ ಅಷ್ಟೇ ಕರೆಂಟು, ಮೈಕು ಬಾಯಿಯ ಹತ್ತಿರ ಬಂತು, ಆಗ, ಎಂದಳು, ಆಗ ಕೆಳಗಿದ್ದ ಆ ಹೆಂಗಸು — ಕಣ್ಣ ಮುಂದೆ ಬಿಸಿನೀರಿಗೆ ಬೆಳ್ಳಗೆ ಸುಕ್ಕಿದ ಬೆರಳು, ತುದಿಯಲ್ಲಿ ನೀರು, ಒದ್ದೆ ಕೈ, ತನ್ನ ಕಡೆಗೇ ಎತ್ತಿದ ಒದ್ದೆ ಕೈ