ರಾಚಯ್ಯ ಮಾಸ್ತರನ ಇಂಗ್ಲಿಷು

ಇಳಕಲ್ಲಿನಲ್ಲಿ ಇಂಗ್ಲಿಷ್ ವ್ಯಾಕರಣವೆಂದರೆ ರಾಚಯ್ಯ ಮಾಸ್ತರ, ಅಂದರೆ ನಾನು. ಬಾಗಲಕೋಟೆಯಿಂದ ತರಿಸಿದ ಒಂದೇ ಪುಸ್ತಕವನ್ನು ಹನ್ನೆರಡು ವರ್ಷ ಉರು ಹೊಡೆದವನು. ನೌನ್ ಎಂದರೆ ನಾಮಪದ, ಪ್ರೊನೌನ್ ಎಂದರೆ ಸರ್ವನಾಮ, ವರ್ಬ್ ಎಂದರೆ ಕ್ರಿಯಾಪದ. ನಾನು ವಾಕ್ಯ ಓದಬೇಕು, ಹುಡುಗರು ಒಂದೊಂದೇ ಪದ ಹಿಡಿದು ಅದು ಯಾವ ಜಾತಿಯದೆಂದು ಕೂಗಬೇಕು. ನಮ್ಮ ಪಾಠ ಅಷ್ಟೇ. ಇಂಗ್ಲಿಷಿನಲ್ಲಿ ಯಾರನ್ನಾದರೂ ಮಾತಾಡಿಸಿದ್ದೆನೇ? ಎಲ್ಲಿಯ ಮಾತು! ಆದರೂ ಜಂಭಕ್ಕೇನೂ ಕಡಿಮೆಯಿರಲಿಲ್ಲ.

ಆ ವರ್ಷ ಪ್ಲೇಗು ಬಂತು. ಬಿಳಿ ಸಾಹೇಬನೊಬ್ಬ ಸಿಪಾಯಿಗಳೊಡನೆ ಮನೆಮನೆ ಹೊಕ್ಕು, ಜ್ವರ, ಗಡ್ಡೆ ಕಂಡವರನ್ನೆಲ್ಲ ಊರ ಹೊರಗಿನ ಪ್ಲೇಗಿನ ಗುಡಿಸಲುಗಳಿಗೆ ಹೊರಿಸುತ್ತಿದ್ದ. ಹೋದವರು ತಿರುಗಿ ಬಂದದ್ದನ್ನು ನಾವು ಕಂಡಿರಲಿಲ್ಲ. ನನ್ನ ಹೆಂಡತಿ ಶಾರವ್ವನಿಗೆ ಪ್ರತಿ ಬೇಸಿಗೆ ಕಂಕುಳಲ್ಲಿ ಕುರು ಏಳುತ್ತಿತ್ತು. ಆ ಸಲವೂ ಎದ್ದಿತ್ತು, ಮೈಯೂ ಬೆಚ್ಚಗಿತ್ತು.

ಸಾಹೇಬ ನಮ್ಮ ಓಣಿಗೆ ಬಂದದ್ದೇ ತಡ, ನೆರೆಮನೆಯ ನೇಕಾರ ಮುರ್ತುಜಸಾಬ ಮಗ್ಗ ಬಿಟ್ಟು ಓಡಿಬಂದ.

"ಮಾಸ್ತರ್ರ, ಸಾಹೇಬಗ ಹಿಂದೂಸ್ತಾನಿ ಬರ್ತೈತ್ರಿ. ಅಕ್ಕಾರಿಗೆ ವರ್ಷಾ ವರ್ಷಾ ಕುರು ಏಳ್ತೈತಿ ಅಂತ ನಾ ಹೇಳ್ತೇನ್ರಿ."

"ನೀ ಸುಮ್ಮನಿರೋ ಮಾರಾಯಾ! ಅವನ ಭಾಷಾದಾಗ ನಾನ ಹೇಳ್ತೇನಿ."

ಹಾಗೆಂದು ಅವನನ್ನು ಹೊಸ್ತಿಲಾಚೆ ತಳ್ಳಿದೆ. ಇಡೀ ಓಣಿ ನೋಡುತ್ತಿತ್ತಲ್ಲ! ನನ್ನ ಸೊಕ್ಕಿಗೆ ಬೆಂಕಿ ಬೀಳಲಿ.

ಸಾಹೇಬ ಶಾರವ್ವನ ಕಂಕುಳು ನೋಡಿ, ನಾನು ಇಂಗ್ಲಿಷ್ ಮಾಸ್ತರನೆಂದು ಓಣಿಯವರು ಹೇಳಿದ್ದರಿಂದ ನನ್ನತ್ತ ತಿರುಗಿದ. "ವೆನ್ ಡಿಡ್ ದಿಸ್ ಕಮ್?" ಎಂದು ಕೇಳಿದ. ಇದು ಯಾವಾಗ ಬಂತು, ಅಷ್ಟೇ ಪ್ರಶ್ನೆ. ನನಗೆ ಪೂರ್ತಿ ತಿಳಿಯಿತು. ಉತ್ತರ ಕೊಡಲು ಬಾಯಿ ತೆರೆದರೆ ಹನ್ನೆರಡು ವರ್ಷದ ರೂಢಿ ಹೊರಬಿತ್ತು.

"ವೆನ್, ಅಡ್ವರ್ಬ್. ಡಿಡ್, ವರ್ಬ್. ದಿಸ್, ಪ್ರೊನೌನ್..."

ಅವನು ಮತ್ತೊಮ್ಮೆ ಕೇಳಿದ. ನಾನು ಬೆವರುತ್ತ ಅದನ್ನೇ ಇನ್ನೂ ಜೋರಾಗಿ ಒದರಿದೆ. ತಲೆ ಕೆಟ್ಟವನೆಂದುಕೊಂಡನೋ ಏನೋ, ಸಿಪಾಯಿಗಳಿಗೆ ಕೈಸನ್ನೆ ಮಾಡಿದ. ಮುರ್ತುಜಸಾಬ ಹೊರಗಿನಿಂದ ಕೂಗಿಕೊಂಡರೆ ಅವನನ್ನು ಲಾಠಿಯಿಂದ ತಡೆದರು.

ಡೋಲಿಯಲ್ಲಿ ಮಲಗಿಸಿದಾಗ ಶಾರವ್ವ ನನ್ನ ಕೈ ಹಿಡಿದಳು.

"ಖರೇನ ಎಲ್ಲಾ ಹೇಳೀರಲ್ರಿ?"

"ಹೇಳೇನಿ. ನಾಳಿ ಬಿಡ್ತಾರ."

ನನ್ನ ಇಂಗ್ಲಿಷನ್ನು ನಂಬಿ ಅವಳು ಅಳಲಿಲ್ಲ.

ಮೂರನೆಯ ದಿನ ಕುರು ಒಡೆದು ಜ್ವರ ಇಳಿಯಿತಂತೆ. ಅಷ್ಟರಲ್ಲಿ ಗುಡಿಸಲಲ್ಲಿ ಪಕ್ಕಕ್ಕೆ ಮಲಗಿದ್ದವರ ಪ್ಲೇಗು ಅವಳಿಗೆ ಹತ್ತಿತ್ತು. ಹೆಣವನ್ನೂ ನನ್ನ ಕೈಗೆ ಕೊಡಲಿಲ್ಲ.

ಈಗ ಶಾಲೆ ಮತ್ತೆ ತೆರೆದಿದೆ. ಉತ್ತರವೂ ಈಗ ಬರುತ್ತದೆ, ಉಣ್ಣುವಾಗ, ನೀರು ಸೇದುವಾಗ. ನಿನ್ನೆ ಕೈ ತಡೆಯದೆ ಹಲಗೆಯ ಮೇಲೆ ಬರೆದೆ: ಎವ್ರಿ ಸಮ್ಮರ್, ಸರ್. ಪ್ರತಿ ಬೇಸಿಗೆ, ಸಾಹೇಬರೇ.

ಹುಡುಗರು ಒಂದೇ ಉಸಿರಿಗೆ ಕೂಗಿದರು.

"ಎವ್ರಿ, ಅಡ್ಜೆಕ್ಟಿವ್! ಸಮ್ಮರ್, ನೌನ್!"

"ಸಾಕ್ರೋ ವ್ಯಾಕರಣ! ಆ ಮಾತು ಯಾರಿಗರ ಹೇಳ್ರೋ!" ಎಂದು ಚೀರಿದೆ. ಅವರು ಹೆದರಿ, ಇನ್ನೂ ಜೋರಾಗಿ ಅದನ್ನೇ ಕೂಗಿದರು.