ಹಾಲು ಕರೆವ ರಾಗ

"ಯಾರಾದ್ರೂ ಹಾಡು ಎತ್ತಿಕೊಡ್ರೇ, ಸೊಳ್ಳೆ ತಿಂದು ಹಾಕ್ತಿವೆ!" ಜೆನೋವೇಫಾ ಮೊಣಕಾಲು ಕೆರೆದುಕೊಂಡಳು.

ಕವಲುದಾರಿಯ ಮರದ ಶಿಲುಬೆಗೆ ಹೆಂಗಸರು ಬರ್ಚ್ ಮರದ ಚಿಗುರಿನ ಮಾಲೆ ಕಟ್ಟಿ ಆಗಿತ್ತು. ಮೇ ತಿಂಗಳಿಡೀ ಸಂಜೆ ಹೊತ್ತು ಇಲ್ಲಿ ಮರಿಯಮ್ಮನ ನಾಮಾವಳಿ ನಡೆಯಬೇಕು. ಒಬ್ಬಳು ಮರಿಯಮ್ಮನ ಒಂದೊಂದೇ ಹೆಸರು ಎತ್ತಿಕೊಟ್ಟರೆ ಉಳಿದವರು ಹಿಡಿಯಬೇಕು. ಯುದ್ಧ ನಡೆಯುವಾಗಲೂ, ಪಾದ್ರಿಯನ್ನು ಸೈಬೀರಿಯಾಕ್ಕೆ ಗಡೀಪಾರು ಮಾಡಿದ ವರ್ಷವೂ ಎತ್ತಿಕೊಟ್ಟವಳು ಅಪೊಲೋನಿಯಾ. ಕಳೆದ ಚಳಿಗಾಲ ಲಕ್ವ ಹೊಡೆದು ಅವಳ ಬಲಗೈ, ಮಾತು ಎರಡೂ ಹೋಗಿದ್ದವು. ಸೊಸೆ ವೆಲ್ತಾ ಅವಳನ್ನು ಹಾಲಿನ ಗಾಡಿಯಲ್ಲಿ ಕೂರಿಸಿ ತಂದಿದ್ದಳು.

"ನಿನ್ನೇನೂ ಹೀಗೇ ಮೂಕರ ಥರ ನಿಂತು ಹೋದ್ವಿ. ಇವತ್ತೂ ಹಾಗೇ ಆದ್ರೆ ನಾಳೆ ನಾನಂತೂ ಬರಲ್ಲ," ಎಂದಳು ಜೆನೋವೇಫಾ. "ಹಾಡೋರಿಲ್ದ ಶಿಲುಬೆ ಬರೀ ಸೌದೆ, ಕಡಿಸ್ತೀನಿ ಅಂತ ಆ ಸಾಮೂಹಿಕ ಜಮೀನಿನ ಮೇಸ್ತ್ರಿ ಬ್ರಿಗೇಡಿಯರ್ ಕಾಯ್ತಾ ಕೂತಿದಾನೆ."

ಅತ್ತೆಯ ಎಡಗೈ ವೆಲ್ತಾಳ ತೋಳನ್ನು ಜಗ್ಗಿತು.

"ನಾನು ಎತ್ತಿಕೊಡ್ಲಾ, ಅಕ್ಕಾ?"

"ನೀನಾ? ಲೂಥರ್ ಮತದವಳು! ನಿಮ್ಮಲ್ಲಿ ಮರಿಯಮ್ಮನ್ನ ಕೇಳೋರೇ ಇಲ್ವಲ್ಲೇ. ಎಲ್ಲಿ ಕಲ್ತೆ?"

"ಕೊಟ್ಟಿಗೇಲಿ. ಅತ್ತೆ ಇದನ್ನೇ ಹೇಳ್ಕೊಂಡು ಹಾಲು ಕರೀತಿದ್ರು. ಅವರ ದನಿ ನಿಂತ ಮೇಲೆ ಹಸು ಹಾಲೇ ಇಳಿಸ್ಲಿಲ್ಲ. ನಾನು ಹೇಳ್ದೆ, ಇಳಿಸ್ತು."

"ಹಸು ಒಪ್ಪಿದ್ರೆ ಸಾಕೇನೇ?" ಹೆಂಗಸರೆಲ್ಲ ಗೊಳ್ಳೆಂದರು.

ವೆಲ್ತಾ ಕಣ್ಣು ಮುಚ್ಚಿದಳು. ಹಸುವಿನ ಬೆಚ್ಚಗಿನ ಹೊಟ್ಟೆಗೆ ಹಣೆಯಿಟ್ಟಂತೆ ತಲೆ ಬಾಗಿಸಿ, ಎತ್ತಿಕೊಟ್ಟಳು. ಒಂದು ಹೆಸರು, ಮತ್ತೊಂದು ಹೆಸರು. ಕೆಚ್ಚಲಿನ ಎಡ ಮೊಲೆ, ಬಲ ಮೊಲೆ ಕರೆವ ಲಯ. ಮೊದಲು ಮುದುಕಿಯರ ಸಣ್ಣ ದನಿ ಹಿಡಿಯಿತು, ಆಮೇಲೆ ಎಲ್ಲರದೂ.

'ಮುಂಜಾವಿನ ನಕ್ಷತ್ರವೇ' ಎಂಬಲ್ಲಿಗೆ ಬಂದು ವೆಲ್ತಾ ನಿಂತಳು. ಬಾಯಿ ತೆರೆದೇ ಇತ್ತು, ಮುಂದಿನ ಹೆಸರು ಬರಲಿಲ್ಲ.

"ಏನಾಯ್ತೇ?"

"ಇಷ್ಟೇ ಗೊತ್ತಿರೋದು," ಅವಳ ಕಿವಿ ಕೆಂಪಾಯಿತು. "ಇಲ್ಲಿಗೆ ಬರೋ ಹೊತ್ತಿಗೆ ದಿನಾ ಬಕೆಟ್ ತುಂಬ್ತಿತ್ತು. ಉಳಿದಿದ್ದನ್ನ ಅತ್ತೆ ಅಂಗಳ ದಾಟ್ತಾ ಹೇಳ್ಕೊಳ್ತಿದ್ರು."

ಈ ಸಲ ಯಾರೂ ನಗಲಿಲ್ಲ. ದೂರದ ಜೌಗಿನಲ್ಲಿ ಕೊಕ್ಕರೆ ಕೊಕ್ಕು ಬಡಿಯಿತು. ಜೆನೋವೇಫಾ ಗಾಡಿಯ ಕಡೆ ನೋಡಿದಳು, ಗಂಟಲು ಸರಿಮಾಡಿಕೊಂಡಳು.

"ರೋಗಿಗಳ ಆರೋಗ್ಯವೇ," ಎಂದು ಒರಟಾಗಿ ಎತ್ತಿಕೊಟ್ಟು, ಪಿಸುಗುಟ್ಟಿದಳು, "ಹೂಂ, ನನ್ನ ಹಿಂದೇನೇ ಹೇಳು. ನಾಳೆಗೆ ಬೇಕಲ್ಲ."

ವೆಲ್ತಾ ಹೇಳಿದಳು. ಎಲ್ಲರೂ ಹಿಡಿದರು.

ಗಾಡಿಯಲ್ಲಿ ಅಪೊಲೋನಿಯಾಳ ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಅದರ ಪಕ್ಕದಲ್ಲಿ ಎಡಗೈ ಬೆರಳುಗಳು ಮೆಲ್ಲಗೆ ಮುಚ್ಚಿ ಬಿಚ್ಚುತ್ತಿದ್ದವು, ಮುಚ್ಚಿ ಬಿಚ್ಚುತ್ತಿದ್ದವು, ಹಾಲು ಕರೆಯುವಂತೆ.