ಪಾಸಿಟಿವ್ ಬರಲಿ ಎಂದವಳು

ಆನ್‌ಲೈನ್ ಕ್ಲಾಸಿನಲ್ಲಿ ಸೆಮಿನಾರ್ ಕೊಡಬೇಕಿದ್ದ ದಿನ ಬೆಳಿಗ್ಗೆ ಮಂಗಳಗೌರಿಗೆ ಉಸಿರು ಕಟ್ಟಿತು. ಜಗಲಿಯ ಮೇಲೆ ಕೂತು ಫೋನಿಗೆ ಇಯರ್‌ಫೋನ್ ಸಿಕ್ಕಿಸುತ್ತಿದ್ದವಳು ಹಾಗೇ ಎದೆ ಹಿಡಿದುಕೊಂಡು ಬಾಗಿಬಿಟ್ಟಳು. ಅಂಗೈಯೆಲ್ಲ ಬೆವರು, ಬೆರಳುಗಳಲ್ಲಿ ಜೋಮು.

ಹಾಲು ಕರೆದು ಕೊಟ್ಟಿಗೆಯಿಂದ ಬಂದ ಅವ್ವ ಮಹಾಲಕ್ಷ್ಮಮ್ಮ ಮಗಳ ಮುಖ ನೋಡಿದ್ದೇ ಗಂಡನನ್ನು ಕೂಗಿಕೊಂಡಳು. ಕೊರೊನಾ ಬಂದ ಮೊದಲ ವರ್ಷದ ಮಳೆಗಾಲ ಅದು. ಉಸಿರಾಡಲು ಕಷ್ಟ ಅಂದರೆ ಯಾರ ತಲೆಗೂ ಬೇರೆ ಯೋಚನೆ ಬರುತ್ತಿರಲಿಲ್ಲ. ಹೊಲಕ್ಕೆ ಹೊರಟಿದ್ದ ರಂಗನಾಯಕ ಬಾಯಿಗೆ ಟವೆಲ್ ಸುತ್ತಿಕೊಂಡು, ಮಗಳನ್ನು ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಬೇಗೂರಿನ ಆಸ್ಪತ್ರೆಗೆ ಕರೆದೊಯ್ದ. ಡಾಕ್ಟರು ಬೆರಳಿಗೆ ಯಂತ್ರ ಸಿಕ್ಕಿಸಿ ನೋಡಿ, ಆಕ್ಸಿಜನ್ ಸರಿಯಾಗಿಯೇ ಇದೆ ಎಂದರು. ಆದರೂ ಮೂಗಿನ ದ್ರವ ತೆಗೆದು ಪರೀಕ್ಷೆಗೆ ಕಳಿಸಿದರು. ರಿಸಲ್ಟ್ ಬರುವ ತನಕ ಮನೆಯಲ್ಲಿ ಬೇರೆ ಇರಬೇಕು ಎಂದರು.

ಅರಿಸಿನದ ಮೂಟೆ ಪೇರಿಸುತ್ತಿದ್ದ ಹಿಂದಿನ ಕೋಣೆಯನ್ನು ಗುಡಿಸಿ ಅವಳಿಗೆ ಚಾಪೆ ಹಾಸಿಕೊಟ್ಟರು. ಅಲ್ಲಿಂದಲೇ ಅವಳು ಕ್ಲಾಸಿನ ವಾಟ್ಸಾಪ್ ಗುಂಪಿಗೆ ಮೆಸೇಜ್ ಹಾಕಿದಳು: ಉಸಿರಾಟದ ತೊಂದರೆ, ಟೆಸ್ಟಿಗೆ ಕೊಟ್ಟು ಬಂದಿದ್ದೇನೆ. ಪಾಠ ಮಾಡುವ ಶಿವರಾಮು ಸರ್ ಕೂಡಲೇ ಉತ್ತರಿಸಿದರು: "ಸೆಮಿನಾರ್ ಆಮೇಲೆ ನೋಡೋಣ. ನೀವು ರೆಸ್ಟ್ ಮಾಡಿ."

ಅದನ್ನು ಓದಿದ್ದೇ ತಡ, ಎದೆ ಸಡಿಲವಾಯಿತು. ಮಂಗಳಗೌರಿ ಮಧ್ಯಾಹ್ನದವರೆಗೆ ಮೈಮರೆತು ಮಲಗಿದಳು. ಎಷ್ಟೋ ವಾರಗಳಿಂದ ಅವಳಿಗೆ ಅಂಥ ನಿದ್ದೆ ಬಂದಿರಲಿಲ್ಲ.

ಚಾಮರಾಜನಗರದಲ್ಲಿ ಎಂ.ಎ. ಓದುತ್ತಿದ್ದಾಗ ಅವಳು ಹೀಗಿರಲಿಲ್ಲ. ಉಡಿಗಾಲದ ಗೆಳತಿ ಭಾನು ಜೊತೆ ಮುಂದಿನ ಬೆಂಚಿನಲ್ಲಿ ಕೂತು, ಸರ್ ಪ್ರಶ್ನೆ ಮುಗಿಸುವ ಮೊದಲೇ ಉತ್ತರ ಹೇಳಿ ಬೈಸಿಕೊಳ್ಳುತ್ತಿದ್ದವಳು. ಲಾಕ್‌ಡೌನ್ ಆದಾಗ ಒಂದೆರಡು ವಾರದ ಮಾತು ಅಂದುಕೊಂಡು ಹಾಸ್ಟೆಲ್ ಬಿಟ್ಟು ಬಂದಿದ್ದರು. ಆಮೇಲೆ ಕಾಲೇಜೆಲ್ಲ ಫೋನಿನೊಳಗೆ ಬಂದು ಕೂತಿತು. ಪರದೆಯ ತುಂಬ ಕಪ್ಪು ಚೌಕಗಳು, ಅವುಗಳ ಮೇಲೆ ಹೆಸರುಗಳು. ಒಂದು ದಿನ ಸರ್ ಕೇಳಿದರು, "ಮಂಗಳಗೌರಿ, ನೀವು ಹೇಳಿ." ಉತ್ತರ ಗೊತ್ತಿತ್ತು. ಮೈಕ್ ಒತ್ತಲು ಬೆರಳು ಚಾಚಿದಳು. ಆ ಚೌಕಗಳ ಹಿಂದೆ ಯಾರು ನಗಲು ಕಾಯುತ್ತಿದ್ದಾರೋ, ಎಮ್ಮೆ ಕೂಗಿಬಿಟ್ಟರೆ ಏನು ಗತಿ ಎಂದು ಅನುಮಾನಿಸುವಷ್ಟರಲ್ಲಿ ಸರ್, "ಇಲ್ಲ ಅಂತ ಕಾಣುತ್ತೆ" ಎಂದು ಮುಂದಿನ ಹೆಸರಿಗೆ ಹೋದರು. ಅವರ ಮಾತಿನಲ್ಲಿ ಸಿಟ್ಟೇನೂ ಇರಲಿಲ್ಲ. ಆದರೂ ಅಲ್ಲೇ ಇದ್ದೂ ಇಲ್ಲವೆನಿಸಿಕೊಂಡದ್ದು ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತು. ಅಲ್ಲಿಂದ ಮುಂದೆ ಕ್ಲಾಸಿನ ಹೊತ್ತಾಯಿತೆಂದರೆ ಏನಾದರೊಂದು ಕೆಲಸ ಹುಡುಕಿಕೊಳ್ಳುತ್ತಿದ್ದಳು. ದಿನ ಬಿಟ್ಟು ದಿನ ತಪ್ಪಿಸತೊಡಗಿದಳು. ಮನೆಯವರು ಕೇಳಿದರೆ ರಜ ಅನ್ನುತ್ತಿದ್ದಳು, ಭಾನು ಕೇಳಿದರೆ ಸಿಗ್ನಲ್ ಇಲ್ಲ ಅನ್ನುತ್ತಿದ್ದಳು.

ಈಗ ಹಿಂದಿನ ಕೋಣೆಯಲ್ಲಿ ಯಾರೂ ಏನೂ ಕೇಳುತ್ತಿರಲಿಲ್ಲ. ಅವ್ವ ತಟ್ಟೆಯನ್ನು ಹೊಸ್ತಿಲ ಬಳಿ ಇಟ್ಟು ದೂರ ನಿಲ್ಲುತ್ತಿದ್ದಳು. ಡೇರಿಯವರು, ರಿಸಲ್ಟ್ ಬರುವ ತನಕ ಹಾಲು ತರಬೇಡಿ ಎಂದು ಹೇಳಿ ಕಳಿಸಿದರು. ರಂಗನಾಯಕ ಹಾಲನ್ನು ಹೆಪ್ಪು ಹಾಕಿಸಿದ. ಪಕ್ಕದ ಮನೆಯವರು ಮಕ್ಕಳನ್ನು ಈ ಕಡೆ ಬಿಡಲಿಲ್ಲ. ಇದೆಲ್ಲ ಕಿಟಕಿಯಿಂದ ಕಾಣುತ್ತಿತ್ತು, ಕೇಳುತ್ತಿತ್ತು. ಆದರೂ ಪಾಸಿಟಿವ್ ಬಂದರೆ ಇನ್ನಷ್ಟು ದಿನ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ ಎನ್ನುವ ಆಸೆ ಅವಳನ್ನು ಬಿಡಲಿಲ್ಲ.

ಸಂಜೆ ದೀಪ ಹಚ್ಚಿ ಅವ್ವ ನಡುಮನೆಯಲ್ಲಿ ಮನೆದೇವರ ಪಟಕ್ಕೆ ಕೈಮುಗಿದಳು. "ಮಾದಪ್ಪಾ, ನನ್ ಮೊಗೀಗ ಏನೂ ಬರ್ದಂಗ ನೋಡ್ಕಳಪ್ಪ."

ಗೋಡೆಯ ಈಚೆಗೆ ಮಗಳು ಅದೇ ಮಾದಪ್ಪನನ್ನು, ಬರಲಿ ಎಂದು ಬೇಡುತ್ತಿದ್ದಳು. ಬೇಡಿದ ಮರುಗಳಿಗೆಯೇ ನಾಚಿಕೆಯಿಂದ ಸೆರಗಿನಂತೆ ದುಪಟ್ಟಾ ಮುಖದ ಮೇಲೆ ಎಳೆದುಕೊಂಡಳು.

ನೆಗೆಟಿವ್ ಎಂದು ಫೋನಿಗೆ ಸಂದೇಶ ಬಂದಾಗ ರಂಗನಾಯಕ ಅದನ್ನು ಎರಡು ಸಲ ಓದಿಸಿಕೊಂಡು, ಡೇರಿಯವರಿಗೆ ಹೇಳಿಬರಲು ಚಪ್ಪಲಿ ಕೂಡ ಮೆಟ್ಟದೆ ಹೊರಟ. ಮಹಾಲಕ್ಷ್ಮಮ್ಮ ಹೊಸ್ತಿಲು ದಾಟಿ ಒಳಗೆ ಬಂದು ಮಗಳ ತಲೆ ಸವರಿದಳು. ಮಂಗಳಗೌರಿ ಬಿಕ್ಕಿ ಬಿಕ್ಕಿ ಅಳತೊಡಗಿದಳು.

"ಅಳ್ಬ್ಯಾಡ ಕಣಮ್ಮಿ. ಏನೂ ಇಲ್ಲ ಅಂತ ಬಂತಲ್ಲ."

ಅಳು ಇನ್ನೂ ಜಾಸ್ತಿಯಾಯಿತು. ತಲೆ ಸವರುತ್ತಿದ್ದ ಅವ್ವನ ಕೈ ನಿಂತಿತು. ಅವಳು ಮೆಲ್ಲಗೆ ಕೇಳಿದಳು, "ಬರ್ಲಿಲ್ಲ ಅಂತ ಅಳ್ತಿದ್ದಿಯಾ ಮೊಗ?"

ಮಂಗಳಗೌರಿ ಹೌದೆಂದು ತಲೆಯಾಡಿಸಿದಳು. ಆಮೇಲೆ ಒಂದೊಂದಾಗಿ ಎಲ್ಲ ಹೇಳಿದಳು. ರಜ ಅಂತ ಸುಳ್ಳು ಹೇಳಿದ್ದು, ಮೈಕ್ ಒತ್ತಲಾರದೆ ಕೂತದ್ದು, ಮಾದಪ್ಪನನ್ನು ಬೇಡಿದ್ದು. ಅವ್ವ ಬೈಯುತ್ತಾಳೆ ಅಂದುಕೊಂಡಿದ್ದಳು. ಆದರೆ ಅವ್ವ ಚಾಪೆಯ ಮೇಲೆ ಪಕ್ಕದಲ್ಲೇ ಕೂತಳು.

"ಅಲ್ಲಿ ಯಾರ್ ಮೊಕಾನೂ ಕಾಣಕಿಲ್ವಾ?"

"ಇಲ್ಲ ಕಣವ್ವ, ಬರೀ ಹೆಸ್ರು."

"ಅಂಗಾರ ನಂಗೂ ಆಯ್ತಿರ್ಲಿಲ್ಲ ಬುಡು. ನಿಮ್ ಚಿಕ್ಕವ್ವ ಫೋನ್ ಮಾಡುದ್ರ ಊ ಅಂದು ನಿಮ್ಮಪ್ಪನ ಕೈಗ ಕೊಟ್ಬುಡ್ತೀನಲ್ಲ. ಎದ್ರುಗ ಕೂತ್ರ ಹೊತ್ತು ಮುಳುಗಗಂಟ ಮಾತಾಡ್ತೀನಿ." ಸ್ವಲ್ಪ ಯೋಚಿಸಿ ಅವಳೇ ಕೇಳಿದಳು, "ಗೊತ್ತಿರೋರು ಒಬ್ರದಾರೂ ಮೊಕ ಕಾಣಂಗ ಮಾಡಕಾಗಲ್ವಾ?"

ಅವತ್ತೇ ಮಂಗಳಗೌರಿ ಭಾನುಗೆ ಫೋನ್ ಮಾಡಿ ನಿಜ ಹೇಳಿದಳು. ಆ ಕಡೆ ತುಂಬ ಹೊತ್ತು ಮಾತೇ ಇಲ್ಲ.

"ಇದೀಯೇನೇ?"

"ಇದೀನಿ ಕಣೆ," ಎಂದಳು ಭಾನು. "ನಾನು ಕ್ಲಾಸ್ ಆನ್ ಮಾಡಿಟ್ಟು ಆಚೆ ಹೋಗ್ಬುಡ್ತೀನಿ. ಏನು ಪಾಠ ಆಗಿದೆ ಅಂತಾನೇ ಗೊತ್ತಿಲ್ಲ. ನಿಂಗೆ ಹೇಳಕ್ಕೂ ನಾಚ್ಕೆ."

ಇಬ್ಬರೂ ಅತ್ತರು, ಅಳುತ್ತಲೇ ನಕ್ಕರು. ಮಾರನೆಯ ದಿನ ಶಿವರಾಮು ಸರ್‌ಗೆ ಇಬ್ಬರೂ ಒಟ್ಟಿಗೆ ಫೋನ್ ಮಾಡಿದರು. ಅವರು ಅಡ್ಡ ಮಾತಾಡದೆ ಎಲ್ಲ ಕೇಳಿಸಿಕೊಂಡರು. "ನಂಗೂ ಆ ಕಪ್ಪು ಪರದೆ ನೋಡಿ ನೋಡಿ ರಾತ್ರಿ ನಿದ್ದೆನೇ ಬರ್ತಿರ್ಲಿಲ್ಲಮ್ಮ," ಎಂದರು. "ಮನಸ್ಸಿನ ಡಾಕ್ಟರ ಹತ್ರ ಫೋನಲ್ಲೇ ಮಾತಾಡಿದೆ. ಸಂಕೋಚ ಬೇಡ, ನಂಬರ್ ಕೊಡ್ತೀನಿ, ನೀವೂ ಮಾತಾಡಿ. ಸೆಮಿನಾರ್ ಕೊಡುವಾಗ ಭಾನು ವಿಡಿಯೊ ಆನ್ ಮಾಡ್ಕೊಳ್ಳಲಿ, ನಾನೂ ಮಾಡ್ಕೋತೀನಿ. ಮಿಕ್ಕವರನ್ನ ನೋಡಲೇಬೇಡಿ."

ಡಾಕ್ಟರ ಜೊತೆ ಮಾತಾಡಿದ ಮೇಲೆ ಎದೆಯ ಬಿಗಿತ ಒಮ್ಮೆಗೇ ಹೋಗಲಿಲ್ಲ, ಆದರೆ ಅದಕ್ಕೊಂದು ಹೆಸರಿದೆ ಎಂದು ಗೊತ್ತಾಯಿತು. ಬಿಗಿತ ಬಂದಾಗ ಉಸಿರನ್ನು ನಿಧಾನಕ್ಕೆ ಬಿಡುವುದನ್ನು ಕಲಿತಳು. ಮುಂದಿನ ವಾರ ಅದೇ ಜಗಲಿಯಲ್ಲಿ ಕೂತು ಸೆಮಿನಾರ್ ಶುರು ಮಾಡಿದಳು. ಮಧ್ಯದಲ್ಲಿ ಒಮ್ಮೆ ಮಾತು ನಿಂತೇ ಹೋಯಿತು. ಪರದೆಯ ಮೇಲೆ ಭಾನು ಕೆದರಿದ ತಲೆಯಲ್ಲಿ ಕೂತು ಕಣ್ಣು ಮಿಟುಕಿಸದೆ ಇವಳನ್ನೇ ನೋಡುತ್ತಿದ್ದಳು. ಅವಳೊಬ್ಬಳಿಗೇ ಹೇಳುತ್ತಿದ್ದೇನೆ ಅಂದುಕೊಂಡು ಮಂಗಳಗೌರಿ ಬಿಟ್ಟ ಸಾಲಿನಿಂದ ಮುಂದುವರಿದಳು. ಕೊನೆಯ ಭಾಗವನ್ನು ಗಡಿಬಿಡಿಯಲ್ಲಿ ಓದಿ ಮುಗಿಸಿದಳು. ಮುಗಿದಾಗ ಕಪ್ಪು ಚೌಕಗಳಲ್ಲಿ ಒಂದೆರಡು ತೆರೆದುಕೊಂಡವು. ಒಬ್ಬ ಹುಡುಗ ಹೆಬ್ಬೆರಳೆತ್ತಿ ತೋರಿಸಿದ.

ಇಯರ್‌ಫೋನ್ ಕಿತ್ತು ಬೀದಿಯ ಕಡೆ ನೋಡಿದರೆ, ಓಣಿಯ ತುದಿಯಲ್ಲಿ ಅಪ್ಪ ಕೈ ಅಡ್ಡ ಹಿಡಿದು ನಿಂತಿದ್ದ. ಅವನೆದುರು, ಮೈಕಿನಲ್ಲಿ ಕೂಗುತ್ತ ಟೊಮೊಟೊ ಮಾರುವ ಆಟೊ. ಧ್ವನಿವರ್ಧಕ ಬಂದ್ ಮಾಡಿಸಿಕೊಂಡ ಆಟೊದವನು ಸ್ಟಿಯರಿಂಗಿಗೆ ಒರಗಿ ಸುಸ್ತಾಗಿ ಕೂತಿದ್ದ.

"ಮುಗೀತಾ ಮೊಗ?" ರಂಗನಾಯಕ ಅಲ್ಲಿಂದಲೇ ಕೂಗಿದ. "ಇವನ್ನ ಬುಡ್ಲಾ?"

"ಬುಡಪ್ಪ," ಎಂದು ಅವಳೂ ಗಟ್ಟಿಯಾಗಿ ಕೂಗಿದಳು.